ಹುಬ್ಬು ಗಂಟಿಕ್ಕಿದರೆ ಸಿಟ್ಟು ಅಂತಲೇ ಅರ್ಥವಾ?

ಯುರೋಪಿನ ಎಐ ಕಾನೂನಿನ ಐದನೇ ವಿಧಿ ಎಷ್ಟೋ ಜನರನ್ನು ಗೊಂದಲಕ್ಕೆ ತಳ್ಳಿದೆ. ಕೆಲಸದ ಜಾಗದಲ್ಲಿ ಮತ್ತು ಶಾಲೆ-ಕಾಲೇಜುಗಳಲ್ಲಿ ಜನರ ಮುಖ, ದನಿ ಇಂಥವನ್ನು ನೋಡಿ ಅವರ ಭಾವನೆ ಊಹಿಸುವ ಯಂತ್ರಗಳನ್ನು ಬಳಸುವಂತಿಲ್ಲ ಎನ್ನುತ್ತದೆ ಅದು. 2025ರ ಫೆಬ್ರುವರಿ 2ರಿಂದ ಈ ನಿಷೇಧ ಜಾರಿಯಲ್ಲಿದೆ. ಮೀರಿದ ಕಂಪನಿಗೆ 3.5 ಕೋಟಿ ಯೂರೋವರೆಗೆ ಅಥವಾ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ಶೇ 7ರವರೆಗೆ ದಂಡ ಬೀಳಬಹುದು. ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಮಿತಿ.

ಇಷ್ಟೇ ಆಗಿದ್ದರೆ ಗೊಂದಲವೇನೂ ಇರುತ್ತಿರಲಿಲ್ಲ. ಆದರೆ ಅದೇ ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕ ತೂಕಡಿಸಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಇದಕ್ಕಾಗಿ ಕೆಲವು ಕಾರುಗಳಲ್ಲಿ ಚಾಲಕನ ಮುಖಕ್ಕೇ ಕ್ಯಾಮೆರಾ ಇಟ್ಟಿರುತ್ತಾರೆ. ಅಂದರೆ ಆಫೀಸಿನಲ್ಲಿ ನಿಮ್ಮ ಮುಖ ನೋಡುವುದು ಅಪರಾಧ, ಕಾರಿನಲ್ಲಿ ನೋಡದೇ ಇದ್ದರೆ ಅಪರಾಧವಾ? ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ಕೊಟ್ಟ ವಿವರಣೆ ಇನ್ನೂ ವಿಚಿತ್ರವಾಗಿ ಕೇಳಿಸುತ್ತದೆ. ಒಬ್ಬ ವ್ಯಕ್ತಿ ನಗುತ್ತಿದ್ದಾನೆ ಎಂದು ಯಂತ್ರ ಗುರುತಿಸಿದರೆ ಅದು ಭಾವನೆ ಗುರುತಿಸಿದಂತೆ ಅಲ್ಲ. ಅವನು ಖುಷಿಯಾಗಿದ್ದಾನೆ ಎಂದರೆ ಮಾತ್ರ ಭಾವನೆ ಗುರುತಿಸಿದಂತೆ.

ಮೊದಲ ಓದಿಗೆ ಇದು ವಕೀಲರ ಜಾಣತನದ ಹಾಗೆ ಕಾಣುತ್ತದೆ. ಹಾಗಲ್ಲ. ಮುಖದ ಬಗ್ಗೆ ನೂರೈವತ್ತು ವರ್ಷಗಳಿಂದ ನಡೆಯುತ್ತಿರುವ ಜಗಳದ ತಿರುಳೇ ಆ ಎರಡು ವಾಕ್ಯಗಳ ನಡುವೆ ಇದೆ.

ಕಂಡದ್ದು ಬೇರೆ, ಊಹಿಸಿದ್ದು ಬೇರೆ

ನಮ್ಮ ಮಾತನ್ನೇ ಗಮನಿಸಿ. ಹುಬ್ಬು ಗಂಟಿಕ್ಕಿದ, ಕಣ್ಣರಳಿಸಿದ, ತುಟಿ ಕಚ್ಚಿದ. ಇವೆಲ್ಲ ಕಣ್ಣಿಗೆ ಕಂಡದ್ದು. ಸಿಟ್ಟಾದ, ಬೆರಗಾದ, ಅಳುಕಿದ. ಇವು ನಾವು ಊಹಿಸಿದ್ದು. ಆದರೆ ಬಳಕೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ. 'ಮೂಗು ಮುರಿದಳು' ಎಂದರೆ ಯಾರೂ ಮೂಗಿನ ಬಗ್ಗೆ ಯೋಚಿಸುವುದಿಲ್ಲ, ಅವಳಿಗೆ ಇಷ್ಟವಾಗಲಿಲ್ಲ ಎಂದೇ ತಿಳಿಯುತ್ತೇವೆ. 'ಮುಖ ಊದಿಸಿಕೊಂಡ' ಎಂದರೆ ಕೆನ್ನೆಯ ಅಳತೆ ಯಾರಿಗೆ ಬೇಕು?

ಮನುಷ್ಯರ ನಡುವೆ ಈ ಅಂಟು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಯಾಕೆಂದರೆ ಹಿಂದೆ ಮುಂದೆ ಏನಾಯಿತು ಅಂತ ನಮಗೆ ಗೊತ್ತಿರುತ್ತದೆ. ಯಂತ್ರಕ್ಕೆ ಸಿಗುವುದು ಬರೀ ಹುಬ್ಬು.

ಮುಖದ ವರ್ಣಮಾಲೆ

ಮೊದಲು ಗಟ್ಟಿ ನೆಲದಿಂದ ಶುರುಮಾಡೋಣ. ಮುಖದ ಚಲನೆಯನ್ನು ಬಣ್ಣಿಸುವುದು ಸಾಧ್ಯ, ಮತ್ತು ಅದನ್ನು ತುಂಬ ಚೆನ್ನಾಗಿ ಮಾಡಿದ್ದಾರೆ.

ದೇಹದ ಬೇರೆ ಕಡೆ ಸ್ನಾಯುಗಳು ಮೂಳೆಯನ್ನು ಎಳೆಯುತ್ತವೆ. ಮುಖದಲ್ಲಿ ಬಹುಪಾಲು ಸ್ನಾಯುಗಳು ಚರ್ಮವನ್ನೇ ಎಳೆಯುತ್ತವೆ. ಅದಕ್ಕೇ ಸಣ್ಣ ಎಳೆತವೂ ಸುಕ್ಕಾಗಿ, ಉಬ್ಬಾಗಿ, ಗುಳಿಯಾಗಿ ಹೊರಗೆ ಕಾಣುತ್ತದೆ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸ್ನಾಯುಗಳಿಗೆ ಒಂದೊಂದಾಗಿ ವಿದ್ಯುತ್ ಮುಟ್ಟಿಸಿ ತೆಗೆದ ಫೋಟೋಗಳಿದ್ದವು. ಅವನ ಮುಖ್ಯ ಮಾದರಿ, ಮುಖದಲ್ಲಿ ಸ್ಪರ್ಶವೇ ಇಲ್ಲದ ಒಬ್ಬ ಮುದುಕ. ಒಳಗೆ ಯಾವ ಭಾವನೆಯೂ ಇಲ್ಲದೆ ಹೊರಗೆ ನಗು, ದಿಗಿಲು, ಸಂಕಟ ಎಲ್ಲ ಮೂಡಿದವು. ಮುಖ ಮತ್ತು ಮನಸ್ಸನ್ನು ಬೇರೆ ಬೇರೆ ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ. ತಮಾಷೆ ಏನೆಂದರೆ ಡುಶೆನ್ ತಾನೇ ಇದಕ್ಕೆ ಉಲ್ಟಾ ನಂಬಿದ್ದ. ಮುಖ ಮನಸ್ಸಿನ ಭಾಷೆ ಎನ್ನುವುದು ಅವನ ವಾದ.

ಇಂದು ಎಲ್ಲರೂ ಬಳಸುವ ಪದ್ಧತಿ ಬಂದದ್ದು 1978ರಲ್ಲಿ. ಅಮೆರಿಕದ ಮನೋವಿಜ್ಞಾನಿಗಳಾದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್, ಸ್ವೀಡನ್ನಿನ ಅಂಗರಚನಾ ತಜ್ಞ ಕಾರ್ಲ್-ಹೆರ್ಮನ್ ಯೋರ್ಟ್‌ಶೊ ಮಾಡಿದ್ದ ಕೆಲಸದ ಮೇಲೆ ಇದನ್ನು ಕಟ್ಟಿದರು. ಹೆಸರು ಫೇಶಿಯಲ್ ಆ್ಯಕ್ಷನ್ ಕೋಡಿಂಗ್ ಸಿಸ್ಟಮ್, ಬಾಯಿಮಾತಿನಲ್ಲಿ 'ಫ್ಯಾಕ್ಸ್'. ಕಾಗದ ಕಳಿಸುವ ಹಳೇ ಯಂತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. 2002ರಲ್ಲಿ ಇದನ್ನು ಪರಿಷ್ಕರಿಸಿದರು.

ಇದರಲ್ಲಿ ಬೇರೆಯಾಗಿ ಗುರುತಿಸಬಹುದಾದ ಪ್ರತಿ ಚಲನೆಗೂ ಒಂದು ನಂಬರ್. ಅದನ್ನು ಆ್ಯಕ್ಷನ್ ಯೂನಿಟ್ ಎನ್ನುತ್ತಾರೆ, ಚಿಕ್ಕದಾಗಿ ಎಯು. ಹುಬ್ಬಿನ ಒಳತುದಿ ಮೇಲೆದ್ದರೆ ಎಯು 1. ಹೊರತುದಿ ಎದ್ದರೆ ಎಯು 2. ಹುಬ್ಬು ಕೆಳಗಿಳಿದು ಹತ್ತಿರ ಬಂದರೆ ಎಯು 4. ಕೆನ್ನೆ ಎದ್ದು ಕಣ್ಣಂಚು ಸುಕ್ಕಾದರೆ ಎಯು 6. ಮೂಗು ಸುಕ್ಕಾದರೆ 9, ತುಟಿಯ ಮೂಲೆ ಮೇಲಕ್ಕೆ ಎಳೆದರೆ 12, ಕೆಳಕ್ಕೆ ಎಳೆದರೆ 15. ಎಷ್ಟು ಜೋರಾಗಿ ಎನ್ನುವುದಕ್ಕೆ ಎ-ಯಿಂದ ಇ-ವರೆಗೆ ಐದು ಮಟ್ಟ.

ಇವು ಸ್ನಾಯುಗಳ ಪಟ್ಟಿಯಲ್ಲ. ಹಣೆಯ ಒಂದೇ ಸ್ನಾಯು ಎಯು 1 ಮತ್ತು 2 ಎರಡನ್ನೂ ಕೊಡುತ್ತದೆ, ಯಾಕೆಂದರೆ ಅದರ ಒಳಭಾಗ ಹೊರಭಾಗ ಬೇರೆ ಬೇರೆಯಾಗಿ ಕೆಲಸ ಮಾಡಬಲ್ಲವು. ಎಯು 4ರಲ್ಲಿ ಮೂರು ಸ್ನಾಯುಗಳು ಸೇರಿವೆ, ಯಾಕೆಂದರೆ ಹೊರಗಿನಿಂದ ನೋಡಿ ಅವನ್ನು ಬೇರ್ಪಡಿಸುವುದು ಕಷ್ಟ. ಕಣ್ಣಿಗೆ ಬೇರೆಯಾಗಿ ಕಂಡರೆ ಮಾತ್ರ ಬೇರೆ ನಂಬರ್. ಕನ್ನಡಿ ಮುಂದೆ ನಿಂತು ಸುಮ್ನೆ ಒಮ್ಮೆ ಹುಬ್ಬಿನ ಒಳತುದಿಯನ್ನಷ್ಟೇ ಎತ್ತಲು ನೋಡಿ. ಹೆಚ್ಚಿನವರಿಗೆ ಆಗುವುದಿಲ್ಲ, ಹೊರತುದಿಯೂ ಜೊತೆಗೇ ಏಳುತ್ತದೆ.

ಫ್ಯಾಕ್ಸ್‌ನ ಈ ಪಟ್ಟಿಯಲ್ಲಿ ಸಿಟ್ಟು, ದುಃಖ, ಸಂತೋಷ ಎಂಬ ಮಾತೇ ಇಲ್ಲ. 'ಎಯು 4, ಮಟ್ಟ ಸಿ' ಎಂದು ಬರೆದವನು ಎದುರಿನ ವ್ಯಕ್ತಿ ಸಿಟ್ಟಾಗಿದ್ದಾನೆ ಎಂದು ಹೇಳಿಲ್ಲ. ಅವನು ಸಣ್ಣ ಅಕ್ಷರ ಓದುತ್ತಿರಬಹುದು. ಬಿಸಿಲಿಗೆ ಕಣ್ಣು ಕಿರಿದು ಮಾಡಿರಬಹುದು. ಕಷ್ಟದ ಲೆಕ್ಕ ಬಿಡಿಸುತ್ತಿರಬಹುದು.

ಈ ಕೆಲಸ ನಿಧಾನದ್ದು. ಪದ್ಧತಿ ಕಲಿಯಲು ಐವತ್ತರಿಂದ ನೂರು ಗಂಟೆ ಬೇಕು. ಚಿಕ್ಕ ವಿಡಿಯೊವನ್ನು ಕೈಯಿಂದ ಗುರುತು ಹಾಕಲು ಗಂಟೆಗಟ್ಟಲೆ ಹಿಡಿಯುತ್ತದೆ. ಆದರೆ ಫಲ ನಂಬುವಂಥದ್ದು, ಚೆನ್ನಾಗಿ ಕಲಿತ ಇಬ್ಬರು ಒಂದೇ ಮುಖಕ್ಕೆ ಸಾಮಾನ್ಯವಾಗಿ ಒಂದೇ ನಂಬರ್ ಕೊಡುತ್ತಾರೆ. ನಾಯಿ, ಬೆಕ್ಕು, ಚಿಂಪಾಂಜಿಗಳಿಗೂ ಇಂಥದ್ದೇ ಪದ್ಧತಿಗಳು ಬಂದಿವೆ. ಅನಿಮೇಶನ್ ಮಾಡುವವರಿಗೂ ಇದೇ ಆಧಾರ. ಫೋನ್‌ಗಳಲ್ಲಿ ನಿಮ್ಮ ಮುಖವನ್ನು ಅನುಕರಿಸುವ ಕಾರ್ಟೂನ್ ಗೊಂಬೆಯ ಹಿಂದೆಯೂ ಇದೇ ಬಗೆಯ ಯೋಚನೆ ಇದೆ. ಆ್ಯಪಲ್‌ನ ಎಆರ್‌ಕಿಟ್ ಎಂಬ ಸಾಫ್ಟ್‌ವೇರ್ 52 ಚಲನೆಗಳನ್ನು ಅಳೆದು ಗೊಂಬೆಗೆ ಕೊಡುತ್ತದೆ. ಗೊಂಬೆ ನಗುತ್ತದೆ. ನೀವು ಖುಷಿಯಾಗಿದ್ದೀರಾ ಇಲ್ಲವಾ ಎನ್ನುವುದು ಅದಕ್ಕೆ ಬೇಕಾಗಿಯೇ ಇಲ್ಲ.

ನಂಬರಿನಿಂದ ಹೆಸರಿಗೆ ಹಾರಿದ್ದು

ತಕರಾರು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಎಯು 6 ಮತ್ತು 12 ಸೇರಿದರೆ ಸಂತೋಷ. 1, 4, 15 ಸೇರಿದರೆ ದುಃಖ. 4, 5, 7, 23 ಸೇರಿದರೆ ಸಿಟ್ಟು. ಈ ಸಮೀಕರಣಗಳು ಎಲ್ಲಿಂದ ಬಂದವು?

ಇದಕ್ಕೂ ಎಕ್ಮನ್ ಅವರೇ ಮುಖ್ಯ ಕಾರಣ. ಅವರು 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಹೋದರು. ಹೊರಗಿನ ಸಿನಿಮಾ, ಪತ್ರಿಕೆ ನೋಡಿರದ ಜನ ಅವರು. ಚಿಕ್ಕ ಚಿಕ್ಕ ಕಥೆ ಹೇಳಿ, ಅದಕ್ಕೆ ಹೊಂದುವ ಮುಖದ ಫೋಟೋ ಆರಿಸಿ ಎಂದು ಕೇಳಿದರು. ಫೋರೆ ಜನ ಬಹುಮಟ್ಟಿಗೆ ಅಮೆರಿಕದವರು ಆರಿಸುವ ಫೋಟೋವನ್ನೇ ಆರಿಸಿದರು. 1971ರಲ್ಲಿ ಇದು ಪ್ರಕಟವಾಯಿತು. ಸಂತೋಷ, ದುಃಖ, ಸಿಟ್ಟು, ಭಯ, ಅಸಹ್ಯ, ಅಚ್ಚರಿ ಈ ಆರೂ ಎಲ್ಲ ಮನುಷ್ಯರಿಗೂ ಒಂದೇ, ಅವುಗಳ ಮುಖವೂ ಒಂದೇ ಎನ್ನುವುದು ಪಠ್ಯಪುಸ್ತಕ ಸೇರಿತು. ಭಯ ಮತ್ತು ಅಚ್ಚರಿಯ ಮುಖಗಳನ್ನು ಫೋರೆ ಜನ ಬೇರ್ಪಡಿಸಲಿಲ್ಲ ಎನ್ನುವ ಸಣ್ಣ ವಿವರ ಮಾತ್ರ ಅಷ್ಟಾಗಿ ಸುತ್ತಾಡಲಿಲ್ಲ.

ಕಂಪ್ಯೂಟರ್ ಮಂದಿಗೆ ಇದು ಸಿದ್ಧ ಅಡುಗೆ ಸಿಕ್ಕಿದ ಹಾಗಾಯಿತು. ಆರು ಡಬ್ಬಿ ಇವೆ, ಪ್ರತಿ ಮುಖವನ್ನೂ ಒಂದರಲ್ಲಿ ಹಾಕಿದರೆ ಆಯಿತು. ಯಂತ್ರ ಕೆಲಸ ಮಾಡುವುದು ಹೀಗೆ: ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಕಣ್ಣು, ಹುಬ್ಬು, ಮೂಗು, ಬಾಯಿಯ ಅಂಚುಗಳಲ್ಲಿ ಚುಕ್ಕೆ ಇಡುತ್ತದೆ, ಅಥವಾ ಚುಕ್ಕೆಯ ಗೊಡವೆಯೇ ಇಲ್ಲದೆ ಇಡೀ ಚಿತ್ರ ತೆಗೆದುಕೊಳ್ಳುತ್ತದೆ. ಕೊನೆಗೆ ಪ್ರತಿ ಡಬ್ಬಿಗೂ ಒಂದು ಅಂಕ. ಸಾಮಾನ್ಯವಾಗಿ ಎಲ್ಲ ಅಂಕ ಕೂಡಿದರೆ 1 ಆಗಬೇಕು. ಆದ್ದರಿಂದ 'ಗೊತ್ತಿಲ್ಲ' ಎನ್ನುವ ಉತ್ತರಕ್ಕೆ ಜಾಗವೇ ಇಲ್ಲ. ಹಲ್ಲುನೋವಿನ ಮುಖ ತೋರಿಸಿದರೂ ಅದು ಏಳರಲ್ಲಿ ಒಂದಾಗಲೇಬೇಕು (ಆರು ಭಾವನೆ, ಜೊತೆಗೊಂದು 'ಏನೂ ಇಲ್ಲ').

ಕಲಿಯಲು ಯಂತ್ರಕ್ಕೆ ಹೆಸರು ಬರೆದ ಫೋಟೋಗಳು ಬೇಕು. ಆ ಹೆಸರು ಬರೆದವರು ಯಾರು? ಮೊದಮೊದಲ ಸಂಗ್ರಹಗಳಲ್ಲಿ 'ಸಿಟ್ಟಿನ ಮುಖ ಮಾಡಿ' ಎಂದು ಹೇಳಿ ತೆಗೆದ ಫೋಟೋಗಳಿದ್ದವು. ಆಮೇಲೆ ಇಂಟರ್ನೆಟ್ಟಿನಿಂದ ಬಾಚಿದರು. ಎಫ್‌ಇಆರ್-2013 ಎಂಬ ಹೆಸರಾಂತ ಸಂಗ್ರಹದಲ್ಲಿ 35,887 ಚಿತ್ರಗಳಿವೆ. ಒಂದೊಂದೂ 48 ಪಿಕ್ಸೆಲ್ ಉದ್ದ, 48 ಅಗಲ, ಕಪ್ಪು ಬಿಳುಪು. 2017ರ ಅಫೆಕ್ಟ್‌ನೆಟ್ ಎಂಬ ಸಂಗ್ರಹದಲ್ಲಿ ಸುಮಾರು ಹತ್ತು ಲಕ್ಷ ಚಿತ್ರಗಳಿವೆ. ಅದನ್ನು ಮಾಡಿದವರು 36,000 ಚಿತ್ರಗಳನ್ನು ಇಬ್ಬಿಬ್ಬರಿಗೆ ಕೊಟ್ಟು ನೋಡಿದರು. ಇಬ್ಬರೂ ಒಂದೇ ಹೆಸರು ಬರೆದದ್ದು ಶೇ 60.7ರಷ್ಟು ಚಿತ್ರಗಳಿಗೆ ಮಾತ್ರ.

ಫೋಟೋದಲ್ಲಿದ್ದ ವ್ಯಕ್ತಿಯನ್ನು 'ಆಗ ನಿಮಗೆ ಏನನ್ನಿಸುತ್ತಿತ್ತು?' ಎಂದು ಯಾರೂ ಕೇಳಿಲ್ಲ. ಹಾಗಾಗಿ ಒಂದು ಸಾಫ್ಟ್‌ವೇರ್ 'ಶೇ 90 ನಿಖರ' ಎಂದರೆ, ಅದು ನೂರರಲ್ಲಿ ತೊಂಬತ್ತು ಸಲ ಭಾವನೆಯನ್ನು ಸರಿಯಾಗಿ ಹೇಳುತ್ತದೆ ಎಂದಲ್ಲ. ಚಿತ್ರ ನೋಡಿದ ಮೂರನೆಯವರು ಬರೆದ ಹೆಸರಿಗೆ ಅಷ್ಟು ಸಲ ಹೊಂದುತ್ತದೆ ಎಂದು. ಜಾಹೀರಾತುಗಳಲ್ಲಿ ಈ ವ್ಯತ್ಯಾಸ ಮಾಯವಾಗಿರುತ್ತದೆ.

ಬೌಲಿಂಗ್ ಅಂಗಳದಲ್ಲಿ ಕಂಡದ್ದು

ಎದುರು ಪಕ್ಷದ ವಾದ ಮೂರು ದಿಕ್ಕಿನಿಂದ ಬರುತ್ತದೆ.

ಒಂದು, ನಾವು ಯಾರಿಗಾಗಿ ನಗುತ್ತೇವೆ ಎನ್ನುವುದು. 1979ರಲ್ಲಿ ರಾಬರ್ಟ್ ಕ್ರೌಟ್ ಮತ್ತು ರಾಬರ್ಟ್ ಜಾನ್ಸ್ಟನ್ ಬೌಲಿಂಗ್ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ನಿಲ್ಲಿಸಿಟ್ಟ ಪಿನ್‌ಗಳನ್ನು ಬೀಳಿಸುವ ಆಟ) ಆಡುವವರನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಚೆಂಡು ಉರುಳಿ ಎಲ್ಲ ಪಿನ್ ಬಿದ್ದ ಕ್ಷಣ ಆಟಗಾರನಿಗೆ ಖುಷಿಯಾಗಲೇಬೇಕು ಅಲ್ವಾ? ಆದರೆ ಪಿನ್‌ಗಳ ಕಡೆ ಮುಖ ಮಾಡಿದ್ದಾಗ ಅವರು ಅಷ್ಟಾಗಿ ನಗಲಿಲ್ಲ. ಗೆಳೆಯರ ಕಡೆ ತಿರುಗಿದಾಗ ನಕ್ಕರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 22 ಚಿನ್ನದ ಪದಕ ವಿಜೇತರ ವಿಡಿಯೊ ನೋಡಿದಾಗಲೂ ಹೀಗೇ. ಪದಕ ಸಮಾರಂಭದ ಉದ್ದಕ್ಕೂ ಸಂತೋಷ ಇದ್ದೇ ಇತ್ತು, ಆದರೆ ನಗು ಹೆಚ್ಚಾಗಿ ಕಂಡದ್ದು ಅವರು ಜನರೊಡನೆ ಬೆರೆತ ಗಳಿಗೆಯಲ್ಲಿ. ಅಲನ್ ಫ್ರಿಡ್‌ಲಂಡ್ ಎಂಬ ಮನೋವಿಜ್ಞಾನಿ ಇಂಥವನ್ನು ಇಟ್ಟುಕೊಂಡು ಮುಖ ಎನ್ನುವುದು ಒಳಗಿನ ಭಾವನೆಯ ಕಿಟಕಿಯಲ್ಲ, ಎದುರಿನವರಿಗೆ ಕೊಡುವ ಸೂಚನೆ ಎಂದು ವಾದಿಸಿದರು.

ಎರಡು, ನಾವು ಮುಖದಿಂದ ಓದುತ್ತೇವೆ ಎಂದುಕೊಂಡದ್ದನ್ನು ಬೇರೆ ಕಡೆಯಿಂದ ಓದುತ್ತಿರುತ್ತೇವೆ. 2012ರ ಒಂದು ಪ್ರಯೋಗದಲ್ಲಿ ಹಿಲೆಲ್ ಅವಿಯೇಜರ್ ಮತ್ತು ಸಂಗಡಿಗರು ಟೆನಿಸ್ ಆಟಗಾರರ ಫೋಟೋಗಳನ್ನು ತೋರಿಸಿದರು. ಮುಖ್ಯ ಪಾಯಿಂಟ್ ಗೆದ್ದ ಅಥವಾ ಸೋತ ಕ್ಷಣದವು. ಬರೀ ಮುಖ ಕತ್ತರಿಸಿ ತೋರಿಸಿದಾಗ ಗೆದ್ದವರು ಯಾರು, ಸೋತವರು ಯಾರು ಎಂದು ನೋಡಿದವರಿಗೆ ತಿಳಿಯಲೇ ಇಲ್ಲ. ಮುಖ ಅಳಿಸಿ ಬರೀ ದೇಹ ತೋರಿಸಿದಾಗ ತಿಳಿಯಿತು. ಇನ್ನೂ ಸ್ವಾರಸ್ಯದ ಮಾತೆಂದರೆ, ಪೂರ್ತಿ ಚಿತ್ರ ನೋಡಿದವರು ಸರಿಯಾಗಿ ಹೇಳಿ, ಅದು ಮುಖದಿಂದಲೇ ಗೊತ್ತಾಯಿತು ಎಂದು ನಂಬಿದ್ದರು.

ಮೂರು, ಊರು ಬದಲಾದರೆ ಓದೂ ಬದಲಾಗುತ್ತದೆ. ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ಪಾಶ್ಚಾತ್ಯರು ಭಯ ಎನ್ನುತ್ತಾರೆ. ಪಪುವಾ ನ್ಯೂಗಿನಿಯ ಟ್ರೋಬ್ರಿಯಂಡ್ ದ್ವೀಪದವರು ಅದನ್ನು ಬೆದರಿಸುವ ಮುಖ ಎಂದರು ಎಂಬುದು 2016ರಲ್ಲಿ ಕಾರ್ಲೋಸ್ ಕ್ರಿವೆಲ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ. ಹೆದರಿದವನ ಮುಖವೂ ಹೆದರಿಸುವವನ ಮುಖವೂ ಒಂದೇ! ನಮೀಬಿಯಾದ ಹಿಂಬಾ ಜನರಿಗೆ ಫೋಟೋಗಳನ್ನು ಕೊಟ್ಟು ನಿಮಗೆ ತೋಚಿದ ಹಾಗೆ ಗುಂಪು ಮಾಡಿ ಎಂದಾಗ ಅವರು ಆರು ಭಾವನೆಗಳ ಗುಂಪು ಮಾಡಲಿಲ್ಲ. ಹೆಸರು ಕೊಡಿ ಎಂದರೆ 'ಖುಷಿ', 'ಭಯ' ಎನ್ನುವ ಬದಲು 'ನಗುತ್ತಿದ್ದಾನೆ', 'ನೋಡುತ್ತಿದ್ದಾನೆ' ಎನ್ನುವುದೇ ಜಾಸ್ತಿ. ಯುರೋಪಿನ ಕಾನೂನು ಎಳೆದ ಗೆರೆಯನ್ನು ಹಿಂಬಾ ಜನ ಅದಕ್ಕೂ ಮೊದಲೇ ಎಳೆದಿದ್ದರು ಎನ್ನಬಹುದು.

ಹಾಗಾದರೆ ಫೋರೆ ಜನ ಹೊಂದಿಸಿ ಹೇಳಿದ್ದು ಹೇಗೆ? ಕಥೆ ಮತ್ತು ಆಯ್ಕೆಗಳನ್ನು ಮುಂದಿಟ್ಟಿದ್ದರಿಂದ ಎನ್ನುತ್ತಾರೆ ಟೀಕಾಕಾರರು. ಮೂರು ಫೋಟೋಗಳಲ್ಲಿ ಒಂದನ್ನು ಆರಿಸುವುದು ಬೇರೆ, ಒಂದೇ ಮುಖ ನೋಡಿ ನೀವೇ ಹೆಸರು ಹೇಳುವುದು ಬೇರೆ. ಈ ಎಚ್ಚರ ಹೊಸದಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ 1872ರ ಪುಸ್ತಕಕ್ಕಾಗಿಯೇ ಡುಶೆನ್‌ನ ಫೋಟೋಗಳನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ವಿವರಣೆ ಇಲ್ಲದೆ ತೋರಿಸಿದ್ದ. ಕೆಲವನ್ನು ಎಲ್ಲರೂ ಒಂದೇ ಥರ ಓದಿದರು, ಕೆಲವಕ್ಕೆ ತಲೆಗೊಂದು ಉತ್ತರ ಬಂತು. ತಾನು ವಿವರಣೆ ಓದುತ್ತಾ ನೋಡಿದ್ದರಿಂದ ಎಲ್ಲವೂ ಸರಿ ಅನ್ನಿಸಿತು, ಇಲ್ಲದಿದ್ದರೆ ತಾನೂ ತಡವರಿಸುತ್ತಿದ್ದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಇಬ್ಬರ ನಡುವೆ ಎಷ್ಟು ದೂರ?

2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಸೇರಿ ಐವರು ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿದರು. ಐವರೂ ಒಂದೇ ಪಕ್ಷದವರಲ್ಲ ಎನ್ನುವುದು ಮುಖ್ಯ. ಅವರು ಕಂಡುಕೊಂಡದ್ದು ಇಷ್ಟು: ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ಆಕಸ್ಮಿಕಕ್ಕಿಂತ ಜಾಸ್ತಿ, ನಿಜ. ಆದರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಮಾತ್ರ. ಉಳಿದ ಸಲ ಸುಮ್ಮನಿರುತ್ತಾರೆ, ಅಳುತ್ತಾರೆ, ನಗಲೂಬಹುದು. ಇನ್ನೊಂದು ಕಡೆ, ಸಿಟ್ಟಿಲ್ಲದೆಯೂ ಹುಬ್ಬು ಗಂಟಿಕ್ಕುತ್ತಾರೆ.

ಇದನ್ನು ಓದಿ ಮುಖದಿಂದ ಏನೂ ತಿಳಿಯುವುದಿಲ್ಲ ಎನ್ನುವುದು ಇನ್ನೊಂದು ತುದಿಗೆ ಜಿಗಿದಂತೆ. 2021ರಲ್ಲಿ ಅಲನ್ ಕೋವೆನ್ ಮತ್ತು ಸಂಗಡಿಗರು 144 ದೇಶಗಳ 60 ಲಕ್ಷ ಯೂಟ್ಯೂಬ್ ವಿಡಿಯೊಗಳನ್ನು ಯಂತ್ರದಿಂದ ಓದಿಸಿದರು. 16 ಬಗೆಯ ಮುಖಭಾವಗಳು ಮದುವೆ, ಪಟಾಕಿ, ಆಟ ಮುಂತಾದ ಸಂದರ್ಭಗಳೊಡನೆ ಹೊಂದುವ ಬಗೆ ಜಗತ್ತಿನ ಬೇರೆ ಬೇರೆ ಭಾಗಗಳಲ್ಲಿ ಬಹುಮಟ್ಟಿಗೆ ಒಂದೇ ಥರ ಇತ್ತು. ಇದು ಸಣ್ಣ ಮಾತಲ್ಲ. ಆದರೆ ಇಲ್ಲೂ ಯಂತ್ರಕ್ಕೆ ಹೆಸರು ಕಲಿಸಿದವರು ಭಾರತದ ಇಂಗ್ಲಿಷ್ ಬಲ್ಲ ಜನ. 144 ದೇಶಗಳ ಮುಖಗಳನ್ನೂ ಅವರ ಕಣ್ಣಿನಿಂದಲೇ ಓದಿದ ಹಾಗಾಯಿತು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮನೋವಿಜ್ಞಾನಿ ರೇಚಲ್ ಜ್ಯಾಕ್ ಈ ತೊಡಕನ್ನು ತಿರುಗಿಸಿ ಹಾಕಿದ್ದಾರೆ. ಹೆಸರಿಟ್ಟ ಫೋಟೋಗಳಿಂದ ಶುರುಮಾಡದೆ, ಕಂಪ್ಯೂಟರ್ ಮುಖವೊಂದರ ಮೇಲೆ ಆ್ಯಕ್ಷನ್ ಯೂನಿಟ್‌ಗಳನ್ನು ಮನಬಂದಂತೆ ಸೇರಿಸಿ ಸಾವಿರಾರು ಮುಖಗಳನ್ನು ಮಾಡುತ್ತಾರೆ. ಇದು ನಿಮಗೆ ಏನಾಗಿ ಕಾಣುತ್ತದೆ, ಎಷ್ಟು ಜೋರಾಗಿ ಎಂದು ಕೇಳುತ್ತಾರೆ. ಉತ್ತರಗಳಿಂದ ಆ ವ್ಯಕ್ತಿಯ ಮನಸ್ಸಿನಲ್ಲಿರುವ 'ಸಿಟ್ಟಿನ ಮುಖ'ದ ಮಾದರಿ ಹೊರಬರುತ್ತದೆ. 2012ರ ಅವರ ಅಧ್ಯಯನದಲ್ಲಿ ಪಾಶ್ಚಾತ್ಯರ ಮಾದರಿಗಳು ಆರು ಗುಂಪಾಗಿ ನಿಂತವು. ಪೂರ್ವ ಏಷ್ಯಾದವರವು ಹಾಗೆ ಬೇರೆ ಬೇರೆ ನಿಲ್ಲಲಿಲ್ಲ, ಭಾವದ ತೀವ್ರತೆ ಹೆಚ್ಚಾಗಿ ಕಣ್ಣಿನಲ್ಲೇ ಕಾಣಿಸಿಕೊಂಡಿತು. ಈ ಕೆಲಸದ ಒಳ್ಳೆಯತನ ಇರುವುದು ಅದು ತನಗೆ ಹಾಕಿಕೊಂಡ ಮಿತಿಯಲ್ಲಿ. ನೋಡುವವರು ಏನು ಕಾಣುತ್ತಾರೆ ಎಂದು ಹೇಳುತ್ತದೆ. ಮುಖದ ಒಡೆಯನಿಗೆ ಏನನ್ನಿಸುತ್ತಿದೆ ಎಂದು ಹೇಳಲು ಹೋಗುವುದಿಲ್ಲ.

ಕಾರಿಗೆ ಸೈ, ಆಫೀಸಿಗೆ ಯಾಕಿಲ್ಲ?

ಈಗ ಕಾನೂನಿಗೆ ಮರಳಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಆಯಾಸ, ನೋವು ಇವನ್ನು ಕಾನೂನು ಭಾವನೆ ಎಂದು ಲೆಕ್ಕಕ್ಕೆ ಹಿಡಿದಿಲ್ಲ, ದೇಹದ ಸ್ಥಿತಿ ಎಂದಿದೆ. ತೂಕಡಿಕೆಗೆ ಒಂದು ಹಳೆಯ ಅಳತೆ ಇದೆ: ಒಂದು ನಿಮಿಷದಲ್ಲಿ ಎಷ್ಟು ಹೊತ್ತು ರೆಪ್ಪೆ ಬಹುಪಾಲು ಮುಚ್ಚಿತ್ತು ಎನ್ನುವುದು. ರೆಪ್ಪೆ ಮುಚ್ಚಿದರೆ ರಸ್ತೆ ಕಾಣುವುದಿಲ್ಲ. ಇಲ್ಲಿ ಮುಖದಿಂದ ಮನಸ್ಸಿಗೆ ಹಾರಬೇಕಾದ ಅಗತ್ಯವೇ ಇಲ್ಲ, ಕಂಡದ್ದೇ ಅಪಾಯ. ನೋವಿನ ವಿಷಯ ಸ್ವಲ್ಪ ಸೂಕ್ಷ್ಮ. ಹುಬ್ಬು ಇಳಿಯುವುದು, ಕಣ್ಣು ಬಿಗಿಯುವುದು, ಮೂಗು ಸುಕ್ಕಾಗುವುದು, ಕಣ್ಣು ಮುಚ್ಚುವುದು ಇವನ್ನು ಕೂಡಿಸಿ ಅಂಕ ಕೊಡುವ ಪದ್ಧತಿ ಇದೆ. ಮಾತಾಡಲಾಗದ ರೋಗಿಗಳಿಗೆ ಅದು ಉಪಯೋಗವಾಗುತ್ತದೆ. ಭಾವನೆ ಊಹಿಸುವ ಯಂತ್ರಕ್ಕೂ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಕಾನೂನು ವಿನಾಯಿತಿ ಕೊಟ್ಟಿದೆ.

ಆಫೀಸು, ಶಾಲೆಯಲ್ಲಿ ಎರಡು ಸಮಸ್ಯೆ ಒಟ್ಟಿಗೆ ಬರುತ್ತವೆ. ಊಹೆಯ ವಿಜ್ಞಾನ ಗಟ್ಟಿಯಿಲ್ಲ. ಮತ್ತು ಊಹೆಗೆ ಗುರಿಯಾದವರು 'ನನಗೆ ಬೇಡ' ಎನ್ನುವ ಸ್ಥಿತಿಯಲ್ಲಿಲ್ಲ. ಕೆಲಸದ ಸಂದರ್ಶನದಲ್ಲಿ ಕ್ಯಾಮೆರಾ ಬೇಡ ಎನ್ನುವವರು ಎಷ್ಟು ಮಂದಿ? ಕಾನೂನು ಈ ಎರಡನ್ನೂ ಹೆಸರಿಸಿಯೇ ಕಾರಣ ಕೊಟ್ಟಿದೆ. ತಪ್ಪುಗಳು ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಬೇಕು. 2018ರಲ್ಲಿ ಲಾರೆನ್ ರೂ ಎಂಬ ಸಂಶೋಧಕಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಫೋಟೋಗಳನ್ನು ಎರಡು ಪ್ರಸಿದ್ಧ ಸಾಫ್ಟ್‌ವೇರ್‌ಗಳಿಗೆ ಕೊಟ್ಟಾಗ, ಕಪ್ಪು ಆಟಗಾರರಿಗೆ ಸಿಟ್ಟು, ತಿರಸ್ಕಾರದ ಅಂಕ ಜಾಸ್ತಿ ಬಿತ್ತು.

ಕಾನೂನಿಗೂ ಮೊದಲೇ ಕೆಲವರು ಹಿಂದೆ ಸರಿದಿದ್ದರು. ವಿಡಿಯೊ ಸಂದರ್ಶನದ ಕಂಪನಿ ಹೈರ್‌ವ್ಯೂ ಮುಖ ವಿಶ್ಲೇಷಣೆ ಕೈಬಿಟ್ಟಿದ್ದಾಗಿ 2021ರ ಜನವರಿಯಲ್ಲಿ ಹೇಳಿತು. ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಊಹಿಸುವ ಭಾಗವನ್ನು ತೆಗೆಯುವುದಾಗಿ ಹೇಳಿತು. ಭಾವನೆ ಎಂದರೇನು ಎಂಬ ಬಗ್ಗೆಯೇ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ ಎನ್ನುವುದು ಅದು ಕೊಟ್ಟ ಕಾರಣಗಳಲ್ಲಿ ಒಂದು.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಹೆಸರು ಬದಲಾವಣೆ. 'ಭಾವನೆ' ಎನ್ನುವ ಮಾತು ಮಾರಾಟದ ಕಾಗದಗಳಿಂದ ಮರೆಯಾಗಿ 'ಆಯಾಸ', 'ಗಮನ', 'ತೊಡಗಿಸಿಕೊಳ್ಳುವಿಕೆ' ಬರುತ್ತವೆ. ಆಯಾಸ ದೇಹದ ಸ್ಥಿತಿ, ಸರಿ. ಆದರೆ ಕ್ಲಾಸಿನಲ್ಲಿ ಕೂತ ಹುಡುಗಿಗೆ 'ಬೇಜಾರಾಗಿದೆ' ಎಂದು ಯಂತ್ರ ಹೇಳಿದರೆ ಅದು ಗಮನವಾ, ಭಾವನೆಯಾ? ಜಗಳ ನಡೆಯುವುದು ಈ ಗಡಿಯಲ್ಲಿ.

ಎರಡನೆಯದು ದಾರಿ ಬದಲಾವಣೆ. ನಿಷೇಧ ಇರುವುದು ಮುಖ, ದನಿ, ನಾಡಿಬಡಿತದಂಥ ದೇಹದ ಗುರುತುಗಳಿಂದ ಊಹಿಸುವುದಕ್ಕೆ. ನೌಕರ ಬರೆದ ಇಮೇಲ್ ಓದಿ ಅವನ ಮನಸ್ಸು ಊಹಿಸುವ ಯಂತ್ರ ಇದರಡಿ ಬರುವುದಿಲ್ಲ. ಅಕ್ಷರದಿಂದ ಊಹಿಸುವುದು ಮುಖದಿಂದ ಊಹಿಸುವುದಕ್ಕಿಂತ ಗಟ್ಟಿ ಎನ್ನಲು ಕಾರಣವೇನೂ ಕಾಣುವುದಿಲ್ಲ. ಕಾನೂನಿನ ದುರ್ಬಲ ಭಾಗ ಇದೇ.

ಮೂರನೆಯದು ವಿಜ್ಞಾನಕ್ಕೆ ಸಂಬಂಧಿಸಿದ್ದು, ಮತ್ತು ಇದು ಒಳ್ಳೆಯದಾಗಬಹುದು. ಸಂಶೋಧನೆ ಬಣ್ಣಿಸುವ ಕಡೆ ಹೊರಳುವ ಸಾಧ್ಯತೆ ಇದೆ. ಯಾವ ಸ್ನಾಯು, ಎಷ್ಟು ಜೋರು, ಎಷ್ಟು ಹೊತ್ತು, ಆಗ ಎದುರಿಗೆ ಯಾರಿದ್ದರು ಎನ್ನುವ ಕಡೆ. ಹೆಸರಿಡುವ ಕೆಲಸವನ್ನು ಆ ವ್ಯಕ್ತಿಗೇ ಬಿಡುವ ಕಡೆ.

ಕಮಿಷನ್ನಿನ ಮಾರ್ಗಸೂಚಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಒಂದು ಉದಾಹರಣೆ ಇದೆ. ಅಂಗಡಿ ತನ್ನ ನೌಕರರ ಭಾವನೆ ಅಳೆಯಲು ಕ್ಯಾಮೆರಾ ಬಳಸುವಂತಿಲ್ಲ. ಗ್ರಾಹಕರಲ್ಲಿ ಅನುಮಾನಾಸ್ಪದವಾಗಿ ಕಾಣುವವರನ್ನು ಪತ್ತೆಮಾಡಲು ಬಳಸಿದರೆ, ಸಾಕಷ್ಟು ಎಚ್ಚರ ವಹಿಸಿ ನೌಕರರು ಅದರಲ್ಲಿ ಸಿಕ್ಕದಂತೆ ನೋಡಿಕೊಂಡರೆ, ಈ ನಿಷೇಧ ಅಡ್ಡ ಬರುವುದಿಲ್ಲ. ಬೇರೆ ನಿಯಮಗಳು ಇರುತ್ತವೆ, ಗ್ರಾಹಕರಿಗೆ ತಿಳಿಸಬೇಕು ಎನ್ನುವಂಥವು. ಆದರೂ ಒಂದೇ ಕೌಂಟರ್, ಒಂದೇ ಕ್ಯಾಮೆರಾ. ಈಚೆ ನಿಂತವನ ಹುಬ್ಬನ್ನು ಓದುವಂತಿಲ್ಲ, ಆಚೆ ನಿಂತವನ ಹುಬ್ಬನ್ನು ಓದಬಹುದು. ಎರಡೂ ಹುಬ್ಬಿನಲ್ಲಿ ಕಾಣುವುದು ಅದೇ ಎಯು 4.